ಜಿಪ್ಸಿಯ ಪೆಟ್ರೋಲ್ ಲೆಕ್ಕ ಮನೆಯವ್ರೇ ಬರೀಬೇಕು

ಹೋದ ತಿಂಗಳು ಮನೆಗೆ ಬಂದಿದ್ದ ನೆಂಟರೊಬ್ರು ನಮ್ಮ ಜಿಪ್ಸಿಯ ಬಾನೆಟ್ ಎತ್ತಿಸಿ ನೋಡಿದ್ರು. ಒಳಗೆ ತಮ್ಮ ಜೋಡಿಸಿದ ಹೊಸ ಡಬ್ಬಿ, ಅದರಿಂದ ಹೊರಟ ಬಣ್ಣಬಣ್ಣದ ವೈರು, ಇನ್ಸುಲೇಷನ್ ಟೇಪು. "ಎಂತಕ್ಕೆ ಇದೆಲ್ಲ ತಲೆಬಿಸಿ ಮಾರಾಯ್ರೆ, ಒಂದು ಹಳೇ ಕಾರ್ಬುರೇಟರ್ ಹಾಕ್ಸಿ ಬಿಡಿ, ಮುಗೀತು" ಅಂದ್ರು. ನಮ್ಮನೆಯವ್ರು ನಕ್ಕು ಸುಮ್ನಾದ್ರು. ನಾನು ಕಾಫಿ ತಂದು ಕೊಟ್ಟೆ, ಮನೆಗೆ ಬಂದೋರ ಹತ್ರ ಎಂತ ವಾದ ಅಂತ ಬಾಯಿ ಮುಚ್ಕೊಂಡೆ. ಅವ್ರು ಹೋಗಿ ಮೂರು ದಿನ ಆದ್ರೂ ಪಾತ್ರೆ ತೊಳೆಯೋವಾಗ, ಕಾಳುಮೆಣಸು ಒಣಗಿಸೋವಾಗ ಮನಸ್ಸಲ್ಲೇ ಅವ್ರ ಜೊತೆ ವಾದ ಮಾಡ್ತಾನೇ ಇದ್ದೆ. ಅದಕ್ಕೆ ಇಲ್ಲಿ ಬರೆದು ಹಗುರ ಮಾಡ್ಕೊಳ್ತೀನಿ.

ನಮ್ಮದು 2003ರ ಗಾಡಿ. ಎರಡನೇ ಕೈಯಲ್ಲಿ ತಗೊಂಡಿದ್ದು. ಮಾರುತಿಯವರು ಜಿಪ್ಸಿ ತಂದಿದ್ದು 1985ರಲ್ಲಿ, ಆಗ 970 ಸಿಸಿ ಎಂಜಿನ್. 1996ಕ್ಕೆ 'ಕಿಂಗ್' ಬಂತು, 1298 ಸಿಸಿ. 2000ದ ಹೊತ್ತಿಗೆ ಅದೇ 1.3 ಲೀಟರಿಗೆ ಹದಿನಾರು ವಾಲ್ವು, ಎಂಪಿಎಫ್‌ಐ, 80 ಕುದುರೆಶಕ್ತಿ. ಕಾರ್ಬುರೇಟರ್ ಹೋಗಿ ಇಂಜೆಕ್ಟರ್ ಬಂದಿದ್ದು ಆವಾಗ. ಮೂಡಿಗೆರೆಯಿಂದ ಕಳಸದ ತನಕ ಯಾವ ತೋಟಕ್ಕೆ ಹೋದ್ರೂ ಒಂದು ಜಿಪ್ಸಿ ಶೆಡ್ಡಲ್ಲಿ ಇದ್ದೇ ಇರ್ತಿತ್ತು. ಹಗುರ ಗಾಡಿ, ಫೋರ್ ವೀಲ್, ಲೋ ಗೇರ್ ಹಾಕಿದ್ರೆ ಕೆಸರಲ್ಲಿ ಉರುಳಿಕೊಂಡಾದ್ರೂ ಮನೆ ಸೇರಿಸ್ತದೆ. ಹೊಸದು ಬರದು ನಿಂತು ವರ್ಷಗಳೇ ಆಯ್ತು. ಇರೋದನ್ನೇ ಉಳಿಸ್ಕೋಬೇಕು.

ನಮ್ಮ ಗಾಡಿಯ ಮೂಲ ಕಂಪ್ಯೂಟರ್ ಕೆಡಕ್ಕೆ ಯಾರೂ ಕಾರಣ ಅಲ್ಲ, ಇಲಿ ಕಾರಣ. ಎರಡು ಮಳೆಗಾಲದ ಹಿಂದೆ ಹದಿನೈದು ದಿನ ಗಾಡಿ ತೆಗೀಲಿಲ್ಲ. ಡ್ಯಾಶ್‌ಬೋರ್ಡಿನ ಕೆಳಗೆ ಇಲಿ ಗೂಡು ಕಟ್ಟಿ ವೈರೆಲ್ಲ ಕಡಿದು ಶಾರ್ಟ್ ಆಗಿ, ಇಸಿಯು ಡಬ್ಬಿ ಹೊಗೆ ಬಿಟ್ಟು ಸತ್ತುಹೋಯ್ತು. ಹಳೇದು ಹುಡುಕಿದ್ವಿ. ಸಿಕ್ಕಿದ್ದು ನಮ್ಮ ಎಂಜಿನ್ನಿಗೆ ಹೊಂದ್ಲಿಲ್ಲ, ಹೊಂದೋದು ಸಿಕ್ಕಲಿಲ್ಲ. ಬೆಂಗಳೂರಲ್ಲಿ ಕೆಲಸ ಮಾಡೋ ನನ್ನ ತಮ್ಮ, "ಅಕ್ಕ, ಸ್ಪೀಡುಯಿನೋ ಅಂತ ಒಂದು ಇದೆ, ಅದರ ನಕ್ಷೆ, ಪ್ರೋಗ್ರಾಮು ಎಲ್ಲ ಬಿಚ್ಚಿಟ್ಟಿದ್ದಾರೆ, ಯಾರು ಬೇಕಾದ್ರೂ ಕಟ್ಕೋಬಹುದು, ಹಾಕಿ ನೋಡಣ" ಅಂದ. ಹಾಕಿದ. ಗಾಡಿ ಸ್ಟಾರ್ಟೂ ಆಯ್ತು. ಸ್ಟಾರ್ಟ್ ಆಗದು ಬೇರೆ, ಓಡದು ಬೇರೆ ಅಂತ ಗೊತ್ತಾಗಿದ್ದು ಆಮೇಲೆ.

ಮೊದ್ಲು ಈ ಟೇಬಲ್ ಅಂದ್ರೆ ಎಂತ ಅಂತ ಹೇಳ್ತೀನಿ, ನನಗೆ ಅರ್ಥ ಆದ ಹಾಗೆ.

ನಮ್ಮತ್ತೆ ಅನ್ನಕ್ಕಿಡೋ ನೀರಿನ ಲೆಕ್ಕ ಕೇಳಿದ್ರೆ, ಹಳೇ ಅಕ್ಕಿಗೆ ಒಂಚೂರು ಜಾಸ್ತಿ, ಹೊಸ ಅಕ್ಕಿಗೆ ಕಮ್ಮಿ ಅಂತಾರೆ. ಅಕ್ಕಿ ಎಷ್ಟು ನೀರು ಕುಡೀತದೆ ಅಂತ ಕೈಗೆ ಗೊತ್ತು. ಎಂಜಿನ್ನಿನ ವಿಷಯದಲ್ಲೂ ಲೆಕ್ಕ ಅದೇ, ಒಳಗೆ ಹೋದ ಗಾಳಿ ಎಷ್ಟು, ಅದಕ್ಕೆ ಪೆಟ್ರೋಲ್ ಎಷ್ಟು. ಶುದ್ಧ ಪೆಟ್ರೋಲಾದ್ರೆ ಒಂದು ತೂಕ ಪೆಟ್ರೋಲಿಗೆ 14.7 ತೂಕ ಗಾಳಿ ಬೇಕು ಪೂರ್ತಿ ಉರಿಯಕ್ಕೆ. ಗಾಳಿ ತೂಗೋ ತಕ್ಕಡಿ ಎಂಜಿನ್ನಿನಲ್ಲಿಲ್ಲ. ಮ್ಯಾನಿಫೋಲ್ಡಿನ ಒಳಗಿನ ಒತ್ತಡ ಅಳೆಯೋ ಮ್ಯಾಪ್ ಸೆನ್ಸರ್ ಇದೆ, ಗಾಳಿಯ ಬಿಸಿ ಅಳೆಯೋ ಸೆನ್ಸರ್ ಇದೆ, ಎಂಜಿನ್ ಎಷ್ಟು ಸುತ್ತು ತಿರುಗ್ತಿದೆ ಅಂತ ಗೊತ್ತಾಗ್ತದೆ. ಒಂದು ಸಿಲಿಂಡರಿಗೆ 325 ಸಿಸಿ ಜಾಗ. ಆ ಜಾಗದಲ್ಲಿ ನಿಜವಾಗಿ ಶೇಕಡಾ ಎಷ್ಟು ತುಂಬ್ತು ಅನ್ನೋದು ಮಾತ್ರ ಯಾವ ಸೆನ್ಸರಿಗೂ ಕಾಣಲ್ಲ. ಅದನ್ನು ಬರೆದಿಡದೇ ಈ ಟೇಬಲ್. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಒತ್ತಡ, ಹದಿನಾರು ಬೈ ಹದಿನಾರು, ಒಟ್ಟು 256 ಮನೆ. ಒಂದೊಂದು ಮನೇಲಿ ಒಂದೊಂದು ಸಂಖ್ಯೆ. ಎಂಜಿನ್ ಓಡೋವಾಗ ಕಂಪ್ಯೂಟರು ಈ ಮನೆಗಳಲ್ಲಿ ಚೌಕಾಬಾರದ ಕಾಯಿ ಹಾಗೆ ಓಡಾಡ್ತಾ ಸಂಖ್ಯೆ ಓದಿ, ಇಂಜೆಕ್ಟರಿನ ಬಾಯಿ ಎಷ್ಟು ಮಿಲಿಸೆಕೆಂಡ್ ತೆರೀಬೇಕು ಅಂತ ಹೇಳ್ತದೆ. 2000 ಆರ್‌ಪಿಎಂನಲ್ಲಿ ಒಂದು ಸಿಲಿಂಡರು ನಿಮಿಷಕ್ಕೆ ಸಾವಿರ ಸಲ ಗಾಳಿ ಎಳೀತದೆ. ಸಂಖ್ಯೆ ತಪ್ಪಿದ್ರೆ ಸಾವಿರ ಸಲ ತಪ್ಪು.

ಈ 256 ಸಂಖ್ಯೆಗಳನ್ನ ಯಾರು ಬರೀಬೇಕು ಅನ್ನದು ನನ್ನ ಮಾತು. ಆ ಗಾಡೀಲಿ ದಿನಾ ಓಡಾಡೋರು ಬರೀಬೇಕು, ಅಥವಾ ಬರಿಯೋವಾಗ ಪಕ್ಕದಲ್ಲಿ ಕೂತಿರ್ಬೇಕು. ದುಡ್ಡು ಕೊಟ್ಟು ಎಲ್ಲಿಂದಲೋ ರೆಡಿ ಫೈಲ್ ತಂದು ತುಂಬಿಸೋದಲ್ಲ.

ಎಂತಕ್ಕೆ ಅಂದ್ರೆ ಮೊದಲು ನಾವೂ ತಂದು ತುಂಬಿಸಿದ್ವಿ. ತಮ್ಮನ ಗೆಳೆಯನೊಬ್ಬ ಕೊಟ್ಟ ಫೈಲು, ಇದೇ ಎಂಜಿನ್ನಿಂದು. ರ್‍ಯಾಲಿ ಗಾಡಿಗೆ ಅಂತ ಮಾಡಿದ್ದು. ನಮ್ಮ ಚಿಕ್ಕಮಗಳೂರು ಕಡೆ ಕಾಫಿ ತೋಟದೊಳಗಿನ ದಾರೀಲೇ ರ್‍ಯಾಲಿ ನಡೀತದೆ, ಹುಡುಗ್ರಿಗೆ ಅದರ ಹುಚ್ಚು. ಆ ಫೈಲಲ್ಲಿ 5000, 6000 ಆರ್‌ಪಿಎಂ, ಪೂರ್ತಿ ಆಕ್ಸಿಲರೇಟರ್ ಇರೋ ಮೂಲೆ ಚೆನ್ನಾಗಿ ತಿದ್ದಿತ್ತು. ನಮ್ಮ ಗಾಡಿ 6000 ಕಂಡಿದ್ದು ನನ್ನ ನೆನಪಲ್ಲಿ ಇಲ್ಲ. ನಮ್ಮದು ಎರಡನೇ ಗೇರಲ್ಲಿ ಆಳುಗಳನ್ನ ಕೂರಿಸ್ಕೊಂಡು ಏರು ಹತ್ತೋ ಗಾಡಿ, ಕಾಫಿ ಮೂಟೆ ಕಣಕ್ಕೆ ತರೋ ಗಾಡಿ, ಬೆಳಿಗ್ಗೆ ಮಕ್ಕಳನ್ನ ಸ್ಕೂಲ್ ಬಸ್ಸಿನ ಹತ್ರ ಬಿಡೋ ಗಾಡಿ. 1200ರಿಂದ 2800 ಆರ್‌ಪಿಎಂ, 35ರಿಂದ 75 ಕಿಲೋಪ್ಯಾಸ್ಕಲ್, ಅದರ ಸಂಸಾರ ಎಲ್ಲ ಅಲ್ಲೇ. ಆ ಮನೆಗಳಲ್ಲೇ ಸಂಖ್ಯೆ ಅಡ್ಡಾದಿಡ್ಡಿ. ಏರಲ್ಲಿ ಕಾಲು ಸ್ವಲ್ಪ ಸಡಿಲ ಬಿಟ್ರೆ ಮುಗ್ಗರಿಸದು, ಒತ್ತಿದ್ರೆ ಕಪ್ಪು ಹೊಗೆ.

ಸರಿ, ಹೋದ ಚಳಿಗಾಲ ಪೂರ್ತಿ ತಿದ್ದಿದ್ವಿ. ಸೈಲೆನ್ಸರ್ ಪೈಪಿಗೆ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕ್ಸಿದ್ವಿ. ಹಳೇ ಗಾಡೀಲಿ ಬರೋ ಸೆನ್ಸರ್ ಹೆಚ್ಚು ಕಮ್ಮಿ ಅಂತ ಮಾತ್ರ ಹೇಳ್ತದೆ, ವೈಡ್‌ಬ್ಯಾಂಡ್ ಎಷ್ಟು ಅಂತ ಹೇಳ್ತದೆ. ತಮ್ಮ ರಜೆಗೆ ಬಂದಾಗ ಅವನು ಓಡಿಸದು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪ್ ತೊಡೆ ಮೇಲಿಟ್ಕೊಂಡು ಕೂರದು. ಅವನಿಲ್ದಾಗ ನಮ್ಮನೆಯವ್ರು ಓಡಿಸದು. ಕೊಯ್ಲಿನ ಸಮಯ, ಹೆಂಗೂ ದಿನಾ ಗಾಡಿ ಓಡ್ತಿತ್ತು. ಮೂಡಿಗೆರೆ, ಬಾಳೂರು, ಕೊಟ್ಟಿಗೆಹಾರ, ಕಳಸ, ಒಂದ್ಸಲ ಮುಳ್ಳಯ್ಯನಗಿರಿ. ಪ್ರತಿ ದಿನದ ಲಾಗು ಉಳಿಸಿಟ್ವಿ. ಫೆಬ್ರವರಿ ಹೊತ್ತಿಗೆ ಗಾಡಿ ಬೆಣ್ಣೆ ಹಾಗೆ ಆಯ್ತು. ತಮ್ಮ ಎದೆ ಉಬ್ಬಿಸ್ಕೊಂಡು ಬೆಂಗಳೂರಿಗೆ ಹೋದ.

ಮಾರ್ಚಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯ್ತು, ಮಂಗಳೂರಲ್ಲಿ. ಕರ್ಕೊಂಡು ಬರಕ್ಕೆ ಜಿಪ್ಸೀಲೇ ಹೋದ್ವಿ. ಬರೋವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಶುರುವಾಗ್ತಿದ್ದ ಹಾಗೇ ಎಂಜಿನ್ನಿಂದ ಒಂದು ಶಬ್ದ. ತಗಡಿನ ಡಬ್ಬೀಲಿ ಸಣ್ಣ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ಒತ್ತಿದ್ರೆ ಬರ್ತದೆ, ಬಿಟ್ರೆ ನಿಲ್ತದೆ. ಹಿಂದೆ ಮನೆ ಸಾಮಾನು, ಎರಡು ಮೂಟೆ ಹಿಂಡಿ, ಮುಂದಿನ ಸೀಟಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿದ ಅತ್ತೆ. ತಲೆ ಅಲ್ಲಾಡಬಾರ್ದು, ಬಗ್ಗಬಾರ್ದು ಅಂತ ಡಾಕ್ಟ್ರು ಹೇಳಿದ್ರು. "ಎಂತ ಮಗಾ ಅದು ಸದ್ದು?" ಅಂತ ಅತ್ತೆ ಕೇಳ್ತಾರೆ, ಇವ್ರು "ಎಂತದೂ ಇಲ್ಲ" ಅಂತಾರೆ, ಇವ್ರ ಮುಖ ನೋಡಿದ್ರೆ ಎಲ್ಲ ಇದೆ. ಮೊದಲನೇ ಗೇರಿಗೆ ಇಳಿಸಿ, ಕಾಲು ಹಗುರ ಮಾಡ್ಕೊಂಡು, ಹಿಂದಿನ ಬಸ್ಸಿನವರ ಹಾರನ್ ಕೇಳ್ಕೊಂಡು ತೆವಳಿದ್ವಿ. ಆ ಸದ್ದಿಗೆ ನಾಕಿಂಗ್ ಅಂತಾರೆ. ಪೆಟ್ರೋಲ್ ಕಮ್ಮಿ ಆಗಿ ಒಳಗೆ ಬಿಸಿ ಏರಿ, ಸರಿಯಾಗಿ ಉರಿಯೋ ಮೊದಲೇ ಎಲ್ಲೆಲ್ಲೋ ಸಿಡಿಯದು. ಹೆಚ್ಚು ಹೊತ್ತು ಹಾಗೇ ಓಡಿಸಿದ್ರೆ ಪಿಸ್ಟನ್ನೇ ಹೋಗ್ತದೆ.

ವಿಚಿತ್ರ ಅಂದ್ರೆ, ಘಾಟಿ ಹತ್ತುತ್ತಾ ಹತ್ತುತ್ತಾ ಸದ್ದು ತಾನೇ ಕಮ್ಮಿ ಆಯ್ತು. ಅರ್ಧ ಘಾಟಿ ಮೇಲೆ ಬಂದಾಗ ಆಗೊಮ್ಮೆ ಈಗೊಮ್ಮೆ. ಕೊಟ್ಟಿಗೆಹಾರ ಮುಟ್ಟೋವಾಗ ಪೂರ್ತಿ ನಿಂತಿತ್ತು. "ಕೆಳಗೆ ಹಾಕ್ಸಿದ ಪೆಟ್ರೋಲ್ ಸರಿ ಇಲ್ಲ" ಅಂತ ನಮ್ಮನೆಯವ್ರು ತೀರ್ಮಾನ ಕೊಟ್ರು. ಅದೇ ಪೆಟ್ರೋಲ್ ಮೇಲೂ ಟ್ಯಾಂಕಲ್ಲಿ ಇದೆಯಲ್ಲ ಅಂತ ನಾನು. ಅತ್ತೆಗೆ ನೀರ್‌ದೋಸೆ ತಿನ್ಸಿ ಅಲ್ಲೇ ಹೋಟೆಲಿನ ಬೆಂಚಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಲಾಗ್ ನೋಡಿದೆ. ಫೋನಲ್ಲಿ ತಮ್ಮ.

ಲಾಗಲ್ಲಿ ಹಗಲಿನ ಹಾಗೆ ಕಾಣ್ತಿತ್ತು. ಘಾಟಿಯ ಬುಡದಲ್ಲಿ 2500 ಆರ್‌ಪಿಎಂ, 96 ಕಿಲೋಪ್ಯಾಸ್ಕಲ್, ಗಾಳಿ-ಪೆಟ್ರೋಲ್ ಲೆಕ್ಕ 14.9. ಅಷ್ಟು ಭಾರ ಎಳೆಯೋವಾಗ 12.8ರ ಹತ್ರ ಇರ್ಬೇಕು. ಕೊಟ್ಟಿಗೆಹಾರದ ಹತ್ರ ಹಾಗೇ ಪೂರ್ತಿ ಕಾಲು ಒತ್ತಿದಾಗ 89 ಕಿಲೋಪ್ಯಾಸ್ಕಲ್, 12.9. ತಮ್ಮ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ, "ಅಕ್ಕ, ನಾವು ಆ ಸಾಲಿಗೆ ಹೋಗೇ ಇಲ್ಲ" ಅಂದ.

ಸಮುದ್ರದ ಹತ್ರ ಗಾಳಿಯ ಒತ್ತಡ 101 ಕಿಲೋಪ್ಯಾಸ್ಕಲ್. ಮೂಡಿಗೆರೆ ಸಮುದ್ರಮಟ್ಟದಿಂದ ಹೆಚ್ಚು ಕಮ್ಮಿ ಸಾವಿರ ಮೀಟರ್ ಮೇಲೆ, ಇಲ್ಲಿ ಸುಮಾರು 90. 1930 ಮೀಟರಿನ ಮುಳ್ಳಯ್ಯನಗಿರೀಲಿ 80ರ ಹತ್ರ. ಎಂಜಿನ್ ತನ್ನ ಸುತ್ತ ಇರೋ ಗಾಳಿಗಿಂತ ಹೆಚ್ಚು ಒತ್ತಡ ಎಲ್ಲಿಂದ ತರ್ತದೆ? ನಾವು ಇಡೀ ಚಳಿಗಾಲ ಎಷ್ಟೇ ಒತ್ತಿದ್ರೂ ಟೇಬಲಿನಲ್ಲಿ 90ರ ಮೇಲಿನ ಸಾಲುಗಳಿಗೆ ಕಾಯಿ ಹೋಗೇ ಇರ್ಲಿಲ್ಲ. ಅಲ್ಲಿ ಇದ್ದದ್ದು ಯಾರೋ ಯಾವಾಗಲೋ ಅಂದಾಜಿಗೆ ತುಂಬಿದ ಸಂಖ್ಯೆ. ಘಾಟಿ ಇಳಿದು ಗಾಡಿ ದಪ್ಪ ಗಾಳಿಗೆ ಬಂದಾಗ ಮೊದಲ ಸಲ ಆ ಸಾಲಿನ ಬಾಗಿಲು ತೆಗೀತು. ಇಳಿಯೋವಾಗ ಕಾಲೇ ಒತ್ತಿರ್ಲಿಲ್ಲ, ಬಯಲಲ್ಲಿ ಖಾಲಿ ಗಾಡಿ, ಅದಕ್ಕೆ ಹೋಗೋವಾಗ ಗೊತ್ತಾಗ್ಲಿಲ್ಲ. ಭಾರ ಹಾಕಿ ಏರು ಹತ್ತಿದಾಗ ಗೊತ್ತಾಯ್ತು. ಮೇಲೆ ಬಂದ ಹಾಗೆ ಗಾಳಿ ತೆಳು ಆಗಿ ನಾವು ತಿದ್ದಿದ ಸಾಲಿಗೆ ಬಂದ್ವಿ, ಸದ್ದು ನಿಂತಿತು.

ಮಲೆನಾಡಿನೋರು ಟೇಬಲ್ ಮಾಡ್ಕೊಳ್ಳೋದಾದ್ರೆ ಇದೊಂದು ಮಾತು ನೆನಪಿಟ್ಕೊಳ್ಳಿ. ಬೆಂಗಳೂರಿನೋರಿಗೂ ಇದು ಅನ್ವಯಿಸ್ತದೆ, ಅವ್ರೂ 900 ಮೀಟರ್ ಮೇಲಿದ್ದಾರೆ. ಒಂದು ದಿನ ಖರ್ಚಾದ್ರೂ ಸರಿ, ಘಾಟಿ ಇಳಿದು ಕೆಳಗೆ ಹೋಗಿ ಆ ಸಾಲು ಮುಟ್ಟಿ ಬರ್ಬೇಕು. ಅಲ್ಲಿವರೆಗೆ ಆ ಸಾಲುಗಳಲ್ಲಿ ಬೇಕೆಂತಲೇ ಪೆಟ್ರೋಲ್ ಜಾಸ್ತಿ ಬರೆದಿಡ್ಬೇಕು. ಹೆಚ್ಚಾದ್ರೆ ಹೊಗೆ, ಕಮ್ಮಿ ಆದ್ರೆ ಪಿಸ್ಟನ್.

ತಿದ್ದೋ ಲೆಕ್ಕ ಕಷ್ಟದ್ದಲ್ಲ, ನಾಲ್ಕನೇ ಕ್ಲಾಸಿನ ಗುಣಾಕಾರ, ಭಾಗಾಕಾರ. ಈಗಿರೋ ಸಂಖ್ಯೆಯನ್ನ ಅಳತೆಯಲ್ಲಿ ಬಂದಿದ್ದರಿಂದ ಗುಣಿಸಿ ಬೇಕಾದ್ದರಿಂದ ಭಾಗಿಸದು. ಆ ಮನೇಲಿ 68 ಇತ್ತು. 68ನ್ನ 14.9ರಿಂದ ಗುಣಿಸಿ 12.8ರಿಂದ ಭಾಗಿಸಿದ್ರೆ 79. ಕೊಟ್ಟಿಗೆಹಾರದ ಬೆಂಚಲ್ಲೇ ಬರೆದೆ. ಅಕ್ಕಪಕ್ಕದ ಮನೆಗಳನ್ನೂ ಅದೇ ಪ್ರಮಾಣಕ್ಕೆ ಏರಿಸ್ಬೇಕು, ಒಂದೇ ಮನೆ ಗುಡ್ಡದ ಹಾಗೆ ಎದ್ದು ನಿಂತ್ರೆ ಗಾಡಿ ಆ ಜಾಗ ದಾಟೋವಾಗೆಲ್ಲ ಜಗ್ತದೆ. ಮಾರನೇ ವಾರ ಅದೇ ಹಿಂಡಿ ಮೂಟೆ ಹಾಕ್ಕೊಂಡು, ಅತ್ತೆಯನ್ನ ಬಿಟ್ಟು, ಚಾರ್ಮಾಡಿ ಇಳಿದು ಹತ್ತಿ ಬಂದ್ವಿ. ಸದ್ದಿಲ್ಲ.

ಸಾಫ್ಟ್‌ವೇರೇ ತಾನಾಗಿ ತಿದ್ದೋ ವ್ಯವಸ್ಥೆನೂ ಇದೆ. ಓಡಿಸ್ತಾ ಹೋಗಿ, ಅದೇ ಸೆನ್ಸರ್ ನೋಡಿ ಸಂಖ್ಯೆ ಬದಲಿಸ್ತದೆ. ಬಳಸಿದ್ವಿ, ಒಳ್ಳೇದೇ. ಆದರೆ ಅದನ್ನ ನಂಬಿ ಕೈಬಿಡಬಾರ್ದು ಅನ್ನಕ್ಕೆ ನಮ್ಮೂರಿನ ಮೆಕ್ಯಾನಿಕ್ ಸಾಕ್ಷಿ. ಡಿಸೆಂಬರಲ್ಲಿ ಟೇಬಲಿನ ಸಂಖ್ಯೆ ಎಲ್ಲ ದಿನಾ ಮೇಲೆ ಮೇಲೆ ಹೋಗ್ತಿತ್ತು, ಆದ್ರೂ ಸೆನ್ಸರ್ ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ ಅಂತಾನೇ ಕೂಗ್ತಿತ್ತು. ಪ್ಲಗ್ ಬಿಚ್ಚಿದ್ರೆ ಮಸಿ ಹಿಡಿದು ಕಪ್ಪಾಗಿದೆ. ತಮ್ಮ ಎರಡು ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತ. ಮೆಕ್ಯಾನಿಕ್ ಬಂದು ಐದು ನಿಮಿಷ ಕಿವಿಗೊಟ್ಟು ಕೇಳಿ, "ಎಕ್ಸಾಸ್ಟ್ ಗ್ಯಾಸ್ಕೆಟ್ ಹೋಗಿದೆ ಅಮ್ಮಾ, ಟಸ್ ಟಸ್ ಅಂತಿದೆ ನೋಡಿ" ಅಂದ್ರು. ಸೆನ್ಸರಿಗಿಂತ ಮುಂಚೆ ಪೈಪಲ್ಲಿ ತೂತಿದ್ರೆ ಹೊರಗಿನ ಗಾಳಿ ಒಳಗೆ ಸೇರ್ತದೆ, ಸೆನ್ಸರು ಅದನ್ನೇ ನೋಡಿ ಪೆಟ್ರೋಲ್ ಕಮ್ಮಿ ಅಂತ ಸುಳ್ಳು ವರದಿ ಕೊಡ್ತದೆ, ಕಂಪ್ಯೂಟರು ಪೆಟ್ರೋಲ್ ಸುರೀತಾ ಹೋಗ್ತದೆ. ಗ್ಯಾಸ್ಕೆಟ್ ಬದಲಿಸಿ, ಹದಿನೈದು ದಿನದ ತಿದ್ದುಪಡಿ ಪೂರ್ತಿ ಅಳಿಸಿ ಮತ್ತೆ ಶುರು ಮಾಡಿದ್ವಿ. ಲ್ಯಾಪ್‌ಟಾಪ್ ಬಂತು ಅಂತ ಆ ಕಿವಿಯನ್ನ ಮನೆಗೆ ಕಳಿಸೋ ಹುಡುಗ್ರಿಗೆ ನಾನು ಇದನ್ನೇ ಹೇಳದು.

ಇನ್ನು ನಮ್ಮ ಮಳೆ. ಬಿಸಿ ಅಳೆಯೋ ಸೆನ್ಸರಿನ ಕನೆಕ್ಟರಲ್ಲಿ ಕಿಲುಬು ಹಿಡಿದ್ರೆ ಎಂಜಿನ್ ಕುದೀತಿದ್ರೂ ಕಂಪ್ಯೂಟರಿಗೆ ಚಳಿ ಅಂತ ಕಾಣ್ತದೆ, ಚಳಿ ಅಂತ ಪೆಟ್ರೋಲ್ ಜಾಸ್ತಿ ಕೊಡ್ತದೆ. ಟೇಬಲ್ ತಿದ್ದಿ ಎಂತ ಪ್ರಯೋಜನ? ಕನೆಕ್ಟರ್ ಒರೆಸ್ಬೇಕು. ರಾತ್ರಿ ಹೆಡ್‌ಲೈಟ್, ವೈಪರ್, ಹೀಟರ್ ಎಲ್ಲ ಒಟ್ಟಿಗೆ ಹಾಕಿದ್ರೆ ಬ್ಯಾಟರಿ ವೋಲ್ಟೇಜ್ ಇಳೀತದೆ. ಇಂಜೆಕ್ಟರಿಗೆ ಬಾಯಿ ತೆರೆಯಕ್ಕೇ ಒಂದು ಮಿಲಿಸೆಕೆಂಡಿನಷ್ಟು ಬೇಕು, ವೋಲ್ಟೇಜ್ ಕಮ್ಮಿ ಆದ್ರೆ ಇನ್ನೂ ತಡ. ಐಡಲಲ್ಲಿ ಒಟ್ಟು ತೆರೆಯೋದೇ ಎರಡು ಮೂರು ಮಿಲಿಸೆಕೆಂಡ್. ಅದರಲ್ಲಿ ಹತ್ತನೇ ಒಂದು ಪಾಲು ಕಮ್ಮಿ ಆದ್ರೂ ಗಾಡಿ ನಡುಗ್ತದೆ. ಹಗಲು ಚೆನ್ನಾಗಿದ್ದ ಗಾಡಿ ಮಳೆ ರಾತ್ರಿ ಗೇಟಿನ ಹತ್ರ ಆಫ್ ಆಗ್ತಿತ್ತು ನಮ್ಮದು. ಟೇಬಲ್ ಮುಟ್ಲಿಲ್ಲ, ವೋಲ್ಟೇಜಿನ ತಿದ್ದುಪಡಿ ಸರಿ ಮಾಡಿ ಅರ್ಥಿಂಗ್ ವೈರ್ ಹೊಸದು ಹಾಕಿದ್ವಿ, ನಿಂತಿತು.

ಮೈಲೇಜಿನ ವಿಷಯದಲ್ಲಿ ನಮ್ಮನೆಯವ್ರ ಜೊತೆ ಇವತ್ತಿಗೂ ಜಗಳ. ಕೈಯಲ್ಲಿ ಟೇಬಲ್ ಸಿಕ್ಕಿದ ತಕ್ಷಣ ಎಲ್ಲರಿಗೂ ಮೊದ್ಲು ಬರೋ ಯೋಚನೆ ಪೆಟ್ರೋಲ್ ಕಮ್ಮಿ ಮಾಡಣ ಅಂತ. ಸಮ ರಸ್ತೇಲಿ, ಹಗುರ ಕಾಲಲ್ಲಿ 14.7ಕ್ಕಿಂತ ಸ್ವಲ್ಪ ಮೇಲೆ ಹೋದ್ರೆ ಅಡ್ಡಿಲ್ಲ. ಆದರೆ ಕಳಸ ರಸ್ತೇಲಿ ಸಮ ಅನ್ನದು ಎಷ್ಟು ದೂರ ಇದೆ? ಒಂದು ತಿರುವು ಇಳಿಜಾರು, ಮುಂದಿನ ತಿರುವು ಏರು. ಏರಲ್ಲಿ ಪೆಟ್ರೋಲ್ ಕದ್ರೆ ವಾಲ್ವು ಸುಡ್ತದೆ, ಆ ಖರ್ಚಲ್ಲಿ ಎರಡು ವರ್ಷದ ಪೆಟ್ರೋಲ್ ಬರ್ತದೆ. ಇವ್ರು ಒಂದ್ಸಲ ನನಗೆ ಹೇಳ್ದೆ 60ರ ಸಾಲಲ್ಲಿ ಶೇಕಡಾ 8 ಇಳಿಸಿದ್ರು. ಅವತ್ತು ಸಂಜೆ ಪುಸ್ತಕದಲ್ಲಿ ಬರೆದಿಲ್ಲ, ಆದ್ರೂ ಗಾಡಿ ಬೇರೆ ಥರ ಎಳೀತಿದೆ ಅಂತ ನನಗೆ ಮೊದಲನೇ ಏರಲ್ಲೇ ಗೊತ್ತಾಯ್ತು. ಸಾರಿಗೆ ಉಪ್ಪು ಯಾರು ಹಾಕಿದ್ರು ಅಂತ ಗೊತ್ತಾಗಲ್ವಾ, ಹಂಗೆ.

ಈಗಂತೂ ಪೆಟ್ರೋಲೇ ಬದಲಾಗಿದೆ. ಬಂಕಲ್ಲಿ ಸಿಗೋದರಲ್ಲಿ 20 ಶೇಕಡಾ ಎಥನಾಲ್. ಎಥನಾಲಿಗೆ ಉರಿಯಕ್ಕೆ ಗಾಳಿ ಕಮ್ಮಿ ಸಾಕು, ಒಂದಕ್ಕೆ 9. ಹಾಗಾಗಿ ಈ ಮಿಶ್ರಣಕ್ಕೆ 14.7 ಹೋಗಿ ಸುಮಾರು 13.5 ಆಗ್ತದೆ. ಅಂದ್ರೆ ಅದೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಶೇಕಡಾ 7ರಿಂದ 8 ಜಾಸ್ತಿ ಸುರೀಬೇಕು. ಮುಂಚಿನ 10 ಶೇಕಡಾ ಮಿಶ್ರಣದ ಮೇಲೆ ಲೆಕ್ಕ ಹಾಕಿದ್ರೂ 4ರಷ್ಟು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನ ಸರಿದೂಗಿಸ್ಕೊಳ್ತದೆ. ಎರಡು ಸಾವಿರದ ಇಸವಿ ಆಸುಪಾಸಿನ ಗಾಡಿಗಳೂ ಹಗುರ ಕಾಲಲ್ಲಿ ಸೆನ್ಸರ್ ನೋಡಿ ಸ್ವಲ್ಪ ಸರಿ ಮಾಡ್ಕೊಳ್ತವೆ. ಪೂರ್ತಿ ಒತ್ತಿ ಏರು ಹತ್ತೋವಾಗ ಮಾತ್ರ ಸೆನ್ಸರ್ ಮಾತು ಕೇಳಲ್ಲ, ಟೇಬಲಲ್ಲಿ ಬರೆದಿದ್ದೇ ವೇದ. ಆ ಟೇಬಲ್ ಬರೆದಿದ್ದು ಎಥನಾಲ್ ಇಲ್ಲದ ಕಾಲದಲ್ಲಿ. ಎಥನಾಲಿಗೆ ನಾಕಿಂಗ್ ತಡೆಯೋ ಗುಣ ಇದೆ, ಅದಕ್ಕೆ ಎಷ್ಟೋ ಗಾಡಿ ಬಚಾವಾಗಿವೆ ಅಂತ ಕಾಣ್ತದೆ. ಆದ್ರೆ ಹಳೇ ಗಾಡಿ ಇರೋರು, ಅದು ಏರಲ್ಲಿ ಮುಂಚಿನ ಹಾಗೆ ಎಳೀತಿಲ್ಲ ಅಂತ ಹೇಳಿದ್ರೆ ಭ್ರಮೆ ಅಂತ ನಗಬೇಡಿ. ನಮಗೆ ಟೇಬಲ್ ಕೈಯಲ್ಲಿತ್ತು, ಏರಿಸಿದ್ವಿ. ಅವ್ರಿಗೆ ಆ ಬಾಗಿಲೇ ಇಲ್ಲ. ಎಥನಾಲ್ ನೀರನ್ನೂ ಎಳ್ಕೊಳ್ತದೆ, ಆಷಾಢದಲ್ಲಿ ಅರ್ಧ ಟ್ಯಾಂಕ್ ಇಟ್ಟು ತಿಂಗಳುಗಟ್ಲೆ ಗಾಡಿ ನಿಲ್ಸಬೇಡಿ. ರಬ್ಬರ್ ಪೈಪು ಹಳೇದಾಗಿದ್ರೆ ಬದಲಿಸಿ, ಅದು ಬೇರೆ ಕತೆ.

ಈಗ ನೆಂಟರ ಕಾರ್ಬುರೇಟರಿಗೆ ಬರ್ತೀನಿ. ಅವ್ರು ಹೇಳಿದ್ದು ಪೂರ್ತಿ ತಪ್ಪಲ್ಲ. ಸಂಸೆ ಆಚೆ ಕಾಡಿನ ನಡುವೆ ಕೆಟ್ಟರೆ ಕಾರ್ಬುರೇಟರನ್ನ ಒಂದು ಸ್ಕ್ರೂಡ್ರೈವರಲ್ಲಿ ಬಿಚ್ಚಿ, ಊದಿ, ಹಾಕಿ ಬರಬಹುದು. ನಮ್ಮ ಡಬ್ಬಿ ಕೆಟ್ಟರೆ ಊದಿದ್ರೆ ಸರಿ ಆಗಲ್ಲ. ಇದಕ್ಕೆ ನನ್ನ ಹತ್ರ ಸುಲಭದ ಉತ್ತರ ಇಲ್ಲ. ಕಟ್ಟಿಟ್ಟ ಇನ್ನೊಂದು ಡಬ್ಬಿ ಗಾಡೀಲೇ ಇಟ್ಟಿದೀವಿ, ಅದೊಂದೇ ಉಪಾಯ. ಆದರೆ ಮೊದಲು ನಮ್ಮ ಮಾವನ ಕಾಲದಲ್ಲಿ ಕಾರ್ಬುರೇಟರ್ ಜಿಪ್ಸಿ ಇತ್ತು, ಅದರ ಸುಖ ನೋಡಿದೀನಿ. ಮಂಗಳೂರಲ್ಲಿ ಸರಿ ಮಾಡ್ಸಿದ್ರೆ ಇಲ್ಲಿ ತೆಳು ಗಾಳೀಲಿ ಪೆಟ್ರೋಲ್ ಜಾಸ್ತಿ, ಇಲ್ಲಿ ಸರಿ ಮಾಡ್ಸಿದ್ರೆ ಕೆಳಗೆ ಕಮ್ಮಿ. ಕಡಿದಾದ ಏರಲ್ಲಿ ಗಾಡಿ ಓರೆ ನಿಂತ್ರೆ ಒಳಗಿನ ಫ್ಲೋಟ್ ವಾಲಿ ಪೆಟ್ರೋಲ್ ಉಕ್ಕಿ ಆಫ್. ಆಮೇಲೆ ಒಂದು ಕಾಲ್ಗಂಟೆ ವಾಸನೆ ಆರೋ ತನಕ ಕಾಯದು. ಒಂದು ಸ್ಕ್ರೂ ತಿರುಗ್ಸಿದ್ರೆ ಎಲ್ಲ ಕಡೆ ಒಟ್ಟಿಗೆ ಬದಲಾಗ್ತದೆ, 96ರ ಸಾಲು ಮಾತ್ರ ತಿದ್ದು ಅಂದ್ರೆ ಅದಕ್ಕೆ ಗೊತ್ತಾಗಲ್ಲ. ಓಡ್ತಿರೋ ಇಂಜೆಕ್ಷನ್ ಕಿತ್ತು ಕಾರ್ಬುರೇಟರ್ ಹಾಕದು, ಗ್ರೈಂಡರ್ ಮಾರಿ ಒರಳು ತಂದ ಹಾಗೆ. ಒರಳಿನ ಚಟ್ನಿ ರುಚಿ ಅನ್ನದು ಒಪ್ತೀನಿ, ಆದ್ರೆ ರುಬ್ಬೋರು ಯಾರು ಅಂತ ಕೇಳ್ಬೇಕಲ್ಲ.

ಇನ್ನೊಂದು ಆಕ್ಷೇಪ, ಇದೆಲ್ಲ ಗಂಡಸರ ಕೆಲಸ, ನಿಂಗೆಂತಕ್ಕೆ ಅಂತ. ಜಿಪ್ಸೀಲಿ ಅತಿ ಹೆಚ್ಚು ಓಡಾಡದು ನಾನು. ಪಕ್ಕದಲ್ಲಿ ಕೂತು ನೋಡಿದ್ರಿಂದ್ಲೇ ಕೊಟ್ಟಿಗೆಹಾರದ ಬೆಂಚಲ್ಲಿ ಲಾಗ್ ಬಿಚ್ಚಕ್ಕೆ ಬಂತು. ಆ ದಿನ ತಮ್ಮ 250 ಕಿಲೋಮೀಟರ್ ದೂರದಲ್ಲಿದ್ದ. ಟೇಬಲ್ ಅವನ ತಲೇಲಿ ಮಾತ್ರ ಇದ್ದಿದ್ರೆ ನಾವು ಕೆಳಗಿನ ಬಂಕಿನವರಿಗೆ ಬೈಕೊಂಡು ಮನೆಗೆ ಬರ್ತಿದ್ವಿ, ಮುಂದಿನ ಸಲ ಚಾರ್ಮಾಡೀಲಿ ಪಿಸ್ಟನ್ ಹೋಗ್ತಿತ್ತು.

ಹಾಗಾಗಿ ನಮ್ಮನೇಲಿ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಜಿಪ್ಸಿ ಲೆಕ್ಕ ಇದೆ. ತಾರೀಕು, ಯಾವ ಮನೆ, ಎಷ್ಟಿತ್ತು, ಎಷ್ಟು ಮಾಡಿದ್ವಿ, ಎಂತಕ್ಕೆ. ಒಂದು ದಿನಕ್ಕೆ ಒಂದೇ ಬದಲಾವಣೆ. ಮೊದಲನೇ ದಿನದ ಫೈಲನ್ನ ಅಳಿಸಿಲ್ಲ, ಎಷ್ಟೇ ಕೆಟ್ಟದಿದ್ರೂ. ಟೇಬಲನ್ನ ಪ್ರಿಂಟ್ ತೆಗ್ಸಿ ಪ್ಲಾಸ್ಟಿಕ್ ಕವರಿಗೆ ಹಾಕಿ ಗಾಡಿಯ ಡ್ಯಾಶಲ್ಲಿಟ್ಟಿದೀನಿ. ಓಡಾಡಿ ನೋಡಿದ ಮನೆಗಳಿಗೆ ಹಸಿರು ಪೆನ್ಸಿಲ್ ಬಳಿದಿದೆ, ನೋಡದೇ ಇರೋದು ಬಿಳಿ. 6000ದ ಮೂಲೆ ಈಗಲೂ ಬಿಳಿ, ಅದು ಹಾಗೇ ಇರ್ಲಿ.

ಚಳಿಗೆ ಮೊದಲ ಸ್ಟಾರ್ಟಿನ ಲೆಕ್ಕ ಇನ್ನೂ ಕೂತಿಲ್ಲ. ಜನವರಿ ಬೆಳಿಗ್ಗೆ ಆರೂವರೆಗೆ ಮೂರು ಸಲ ಕೀ ತಿರುಗಿಸ್ಬೇಕಿತ್ತು, ಹೊತ್ತಿಕೊಂಡ ಮೇಲೆ ಅರ್ಧ ನಿಮಿಷ ಪೆಟ್ರೋಲ್ ವಾಸನೆ ಅಂಗಳ ತುಂಬ. ದಿನಕ್ಕೊಂದೇ ಚಳಿ ಸ್ಟಾರ್ಟ್ ಸಿಗದು, ಒಂದು ಸಂಖ್ಯೆ ಬದಲಿಸಿದ್ರೆ ಫಲ ನೋಡಕ್ಕೆ ಮಾರನೇ ಬೆಳಿಗ್ಗೆ ತನಕ ಕಾಯ್ಬೇಕು. ಅತ್ತೆಗೆ ಈಗ ಕಣ್ಣು ಚೆನ್ನಾಗಿ ಕಾಣ್ತದೆ. ಜಗಲೀಲಿ ಕೂತು, "ಇವತ್ತು ನಿನ್ನೆಗಿಂತ ಹೊಗೆ ಕಮ್ಮಿ" ಅಥವಾ "ಜಾಸ್ತಿ" ಅಂತ ಹೇಳ್ತಾರೆ. ಅದನ್ನೂ ಪುಸ್ತಕದಲ್ಲಿ ಬರ್ಕೊಳ್ತಿದೀನಿ.